ಯಾದ್ಯಾಗ ಇಲ್ಲದ ಲಾಕು

ಕ್ಲಚ್ ಪ್ಲೇಟ್ ಸುಟ್ಟ ವಾಸನಿ ಒಮ್ಮೆ ಮೂಗಿಗೆ ಹತ್ತಿತಂದ್ರ ಮೂರ ದಿನ ಬಿಡೂದಿಲ್ಲ. ಹೋದ ವಾರ ಚಿಕ್ಕೋಡ್ಯಾಗ ನಮ್ಮ ಓಣಿ ತುದಿಗೆ ಯಾರೋ ಮನಿ ಕಟ್ಟಾಕಂತ ಉಸುಕು ಸುರುವಿದ್ರು. ಹೊಸದಾಗಿ ಲಗ್ನ ಆದ ಒಬ್ಬ ಪುಣ್ಯಾತ್ಮ, ಕೈಯಾನ ಕಂಕಣ ಇನ್ನೂ ಬಿಚ್ಚಿದ್ದಿಲ್ಲ, ಆ ಉಸುಕಿನ ಗುಂಪಿ ಮ್ಯಾಲ ಜೀಪ ಹತ್ತಸಾಕತ್ತಿದ್ದ. ಬಾನೆಟ್ ಮ್ಯಾಲ ಬಾಡಿದ ಹೂವಿನ ಹಾರ. ನಾಕ ಮಂದಿ ಗೆಳ್ಯಾರು ಮೊಬೈಲ್ ಹಿಡಕೊಂಡು ಕೇಕಿ ಹೊಡ್ಯಾಕತ್ತಿದ್ರು. ಗಾಲಿ ಗಿರಗಿರ ತಿರಗಿ, ಉಸುಕು ಹಾರಿ, ಎದುರಿನ ಚಾದಂಗಡ್ಯಾಗ ಬಿಸಿ ಬಿಸಿ ತಗದಿಟ್ಟ ಭಜಿ ಮ್ಯಾಲ ಬಿತ್ತು. ಆಮ್ಯಾಲ ಆ ವಾಸನಿ ಬಂತು... ಹೊಲಸ, ಸುಡಗಾಡ ವಾಸನಿ. ಮನಿಗೆ ಬಂದು ಮಾರಿ ತೊಳಕೊಂಡ್ನಿ, ಊಟ ಸೇರಲಿಲ್ಲ. ಹೆಂಡತಿ ಏನಾತು ಅಂತ ಕೇಳಿದ್ಲು. ಏನೂ ಇಲ್ಲ ಅಂದ್ನಿ. ಆ ವಾಸನಿಗೆ ನಿಮ್ಮಪ್ಪ ನೆನಪಾದ್ರು ಅಂತ ಅಕಿಗೆ ಹೆಂಗ ಹೇಳೂದು?

ನಮ್ಮ ಮಾವ ತೆಲಸಂಗದವರು. ಉದ್ದಕ ಒಣಾ ಮನಷ್ಯಾ. ತೆಲಿ ಮ್ಯಾಲ ಬಿಳಿ ಟೊಪಿಗಿ, ಧೋತರ ಮಣಕಾಲ ತನಕ ಎತ್ತಿ ಕಟ್ಟಿದ್ದು. ನಾಕ ಎಕರೆ ಎರಿ ಭೂಮಿ ಇತ್ತು, ಮಳಿ ಆದ್ರ ಬಿಳಿಜ್ವಾಳ, ಕಡ್ಲಿ. ಅದರಕಿಂತ ದೊಡ್ಡ ಆಧಾರ ಅಂದ್ರ ಒಂದ ಹಳೇ ಟ್ರ್ಯಾಕ್ಟರು. ಅದನ್ನ ಬಾಡಿಗಿ ಮ್ಯಾಲ ಹೊಡದು, ಮಂದಿ ಹೊಲ ನೇಗಲಾ ಹೊಡಕೊಟ್ಟು, ಹರಗಿ ಕೊಟ್ಟು ಮನಿ ನಡಸಿದ್ರು. ಬಣ್ಣ ಹೋಗಿ ತಗಡ ಕಾಣ್ತಿತ್ತು, ಸೀಟಿನ ಮ್ಯಾಲ ಗೋಣಿಚೀಲಾ ಮಡಿಚಿ ಹಾಕಿದ್ರು. ಆದ್ರ ಊರಾಗ ಅವ್ರಿಗೆ ಇದ್ದ ಮಾನ ಎಲ್ಲಾ ಆ ತಗಡಿನ ಮ್ಯಾಲ ನಿಂತಿತ್ತು. ಬಿತ್ತಿಗಿ ಹೊತ್ತಿನ್ಯಾಗ ಮುಂಜಾನೆ ಅವ್ರ ಕಟ್ಟಿ ಮ್ಯಾಲ ಹತ್ತ ಮಂದಿ ಬಂದು ಕುಂತಿರತಿದ್ರು, 'ಇವತ್ತ ನಮ್ಮ ಹೊಲಕ್ಕ ಬರ್ರಿ' ಅಂತ. ಯಾರದ ಮೊದಲ, ಯಾರದ ಆಮ್ಯಾಲ ಅನ್ನೂದನ್ನ ಮಾವ ಹೇಳಬೇಕು. ಹೇಳೂವಾಗ ಟೊಪಿಗಿ ಸರಿ ಮಾಡಕೊಂತಿದ್ರು.

ಭಾಳ ಒಳ್ಳ್ಯಾವ್ರು ಅಂತ ಹೊಗಳಾಕ ಕುಂತಿಲ್ಲ ನಾನು. ತಲಿ ತಿನ್ನೂ ಮನಷ್ಯಾನೂ ಹೌದು. ಯಾರ ಹೊಲದ ಮಗ್ಗಲಾ ಹಾದ್ರೂ ನಿಂತು, 'ಇವನೌನ, ಸಾಲ ನೋಡ್ರಿ, ಹಾವ ಹರದಂಗ ಹೊಡದಾನ' ಅಂತ ಸುರು ಮಾಡಿದ್ರ ಮುಗೀತು, ಕಾಲ ತಾಸು ಅಲ್ಲೇ. ಎಲ್ಲಿಗೇ ಹೋಗ್ಲಿ, ಟವೆಲ್‌ನಾಗ ಎರಡ ರೊಟ್ಟಿ, ಶೇಂಗಾ ಚಟ್ನಿ ಕಟಗೊಂಡ ಹೋಗಾವ್ರು. ಹೋಟೆಲ್ ಖರ್ಚ ಅಂದ್ರ ಮೈಮ್ಯಾಲ ಚೇಳ ಬಿದ್ದಂಗ ಮಾಡ್ತಿದ್ರು.

ನನಗ ಆಗ ಚಿಕ್ಕೋಡಿ ಕಾಲೇಜಿನ್ಯಾಗ ಕ್ಲರ್ಕ್ ನೌಕರಿ ಹತ್ತಿ ಎರಡ ವರ್ಷ ಆಗಿತ್ತು. ಅಪ್ಪ ನಾ ಸಣ್ಣಾವ ಇದ್ದಾಗ ತೀರಕೊಂಡಿದ್ದ. ನಮ್ಮ ಕಾಕಾನ ಮನಿ ಯಜಮಾನ. ನೌಕರಿ ಇರೂ ಹುಡುಗ ಅಂದ್ರ ನಮ್ಮ ಕಡೆ ಸಂತ್ಯಾಗ ಕಟ್ಟಿದ ಹೋರಿ ಇದ್ದಂಗ, ಹಲ್ಲ ನೋಡಾವ್ರ ಬ್ಯಾರೆ, ರೇಟ ಹೇಳಾವ್ರ ಬ್ಯಾರೆ. ರೇಟ ಹೇಳೂ ಕೆಲಸ ಕಾಕಾಂದು. ಹುಡುಗಿ ನೋಡಿದ್ವಿ, ಒಪ್ಪಿಗಿ ಆತು, ಸಾಖರಪುಡಾ ಆತು. ಸಾಖರಪುಡಾ ಅಂದ್ರ ಹುಡುಗಿ ಕೈಯಾಗ ಸಕ್ಕರಿ ಪುಡಿಕಿ ಇಟ್ಟು ಲಗ್ನ ಪಕ್ಕಾ ಮಾಡೂದು. ಒಮ್ಮೆ ಅದಾತಂದ್ರ ಹುಡುಗಿ ಕಡ್ಯಾವ್ರು ಹಗ್ಗಕ್ಕ ಬಿದ್ದಂಗ. ಅದು ಮುರಿದ್ರ ನಮಗೇನೂ ಆಗೂದಿಲ್ಲ, ಅಕಿಗೆ ಮಾತ್ರ ಊರ ತುಂಬ ಹೆಸರ ಬರತೈತಿ. ಇದು ಕಾಕಾಗ ಗೊತ್ತಿತ್ತು. ನನಗೂ ಗೊತ್ತಿತ್ತು.

ಅದಾದ ಮ್ಯಾಲ ಯಾದಿ. ಎರಡೂ ಕಡಿ ಹಿರ್ಯಾರು ಜಮಖಾನಿ ಮ್ಯಾಲ ಕುಂತು, ಯಾರ ಏನ ಕೊಡಬೇಕು, ಯಾರ ಏನ ಮಾಡಬೇಕು ಅಂತ ಒಂದ ಹಾಳ್ಯಾಗ ಬರಸೂದು. ಬರದು, ಓದಿ ಹೇಳಿ, ನಾಕೂ ಮೂಲಿಗೆ ಅರಿಷಿಣ ಕುಂಕುಮ ಹಚ್ಚಿ ಎರಡೂ ಕಡೆ ಸಹಿ. ವರದಕ್ಷಿಣಿ ಅನ್ನೂ ಶಬ್ದ ಯಾರೂ ಬಾಯಾಗ ತರೂದಿಲ್ಲ, ಕಾಯ್ದೆ ಐತಲ್ಲ! 'ಪ್ರೀತಿಲೆ ಕೊಡೂದು' ಅಂತಾರ. ಅವತ್ತ ಬರ್ಯಾಕ ಕುಂತಾವ್ರು ತೆಲಸಂಗದ ಒಬ್ಬ ಸಾಲಿ ಮಾಸ್ತರು. ಒಂದೊಂದ ಅಕ್ಷರ ಮುತ್ತ ಪೋಣಿಸಿದಂಗ ಬರದ್ರು. ವರಗ ಎರಡ ಅಂಗಿ ಪ್ಯಾಂಟು, ಒಂದ ಕೋಟು. ಬ್ಯಾಂಡಿನವ್ರ ಊಟ ಹುಡುಗಿ ಕಡೆ, ಅವ್ರ ಎಲಿ ಅಡಿಕಿ ಹುಡುಗನ ಕಡೆ. ಆಯೇರಿ ಅಂತ ಕೊಡೂ ಸೀರಿ ಯಾರ ಯಾರಿಗೆ, ಅದರಾಗ ಜರಿ ಅಂಚಿಂದು ಯಾರಿಗೆ. ಊಟಕ್ಕ ಎರಡ ಸಿಹಿ, ಬೂಂದಿ ಒಂದ, ಇನ್ನೊಂದ ಆಮ್ಯಾಲ ಹೇಳೂದು. ಇಷ್ಟೆಲ್ಲಾ ಬರದ ಮಂದಿ, ಜೀಪಿನ ಮಾತ ಬಂದಾಗ ಬರದದ್ದು ಮೂರ ಶಬ್ದ. 'ಹೊಸ ಜೀಪು, ಒಂದು.' ಅಷ್ಟ.

ಮಾಸ್ತರು ಪೆನ್ ಎತ್ತಿ, 'ಯಾವ ಜೀಪ್ರಿ? ಅದರಾಗೂ ನಾಕ ಥರ ಇರ್ತಾವ' ಅಂದ್ರು. ಕಾಕಾ ಅಡಿಕಿ ಜಗಕೋತ, 'ಜೀಪ ಅಂದ್ರ ಜೀಪ್ರಿ ಮಾಸ್ತರ. ಪಾವಣ್ಯಾರ ಬೀಗರ ನಡುವ ಅದೇನ ಅಷ್ಟ ಕೆದಕೂದು?' ಅಂದ. ಎಲ್ಲಾರೂ ನಕ್ಕ್ರು. ಮಾವನೂ ನಕ್ಕ್ರು, ಟೊಪಿಗಿ ಸರಿ ಮಾಡಕೊಂಡು ಸಹಿ ಹಾಕಿದ್ರು. ಹೊರಗ ಬಂದ ಮ್ಯಾಲ ಕಾಕಾ ನನ್ನ ಬೆನ್ನಿಗೆ ಒಂದ ಗುದ್ದಿ, 'ಲೇ ತಮ್ಮಾ, ಬಾಗಲಾ ತಗದ ಇಟ್ಟೀನಿ ನೋಡ' ಅಂದ. ನಾನೂ ನಕ್ಕೆ... ಆ ನಗು ನೆನಪಾದ್ರ ನನ್ನ ಹಲ್ಲ ನಾನ ಕಿತಗೋಬೇಕು ಅನಿಸತೈತಿ.

ಮಾವ ತಮ್ಮ ಮನಸ್ಸಿನ್ಯಾಗ ಸಾದಾ ಮಾಡೆಲ್ ಹಿಡಕೊಂಡಿದ್ರು. ಮ್ಯಾಲ ತಾಡಪತ್ರಿ ಹೊದಿಕಿ, ಹಿಂದಿನ ಗಾಲಿಗೆ ಅಷ್ಟ ಜೋರು, ಎಸಿ ಇಲ್ಲ. ಗಡಿ ಆಚಿ ಮಹಾರಾಷ್ಟ್ರದಾಗ ಒಂದ ದೊಡ್ಡ ಶೋರೂಮು ಇತ್ತು, ಎಲ್ಲಾರೂ ಕೂಡಿ ಅಲ್ಲಿಗೆ ಹೋದ್ವಿ. ಕಾಕಾ ಸಾದಾ ಮಾಡೆಲ್ ಕಡೆ ತಿರಗಿ ಸೈತ ನೋಡಲಿಲ್ಲ. 'ಇದು ಹಾಲ ಹಾಕೂ ಗಾಡಿ ಆತ್ರಿ ಪಾವಣ್ಯಾರ, ಅಳಿಯಗ ಕೊಡೂದಲ್ಲ' ಅಂದ. ಅರ್ಧಾ ತಾಸು ಗುದ್ದಾಡಿ ಮಾವ ನಡುವಿನ ಮಾಡೆಲ್‌ಗೆ ಬಂದ್ರು. ನಾಕೂ ಗಾಲಿಗೆ ಜೋರು, ಎಸಿ, ಮ್ಯಾಲ ಗಟ್ಟಿ ತಗಡಿನ ಹೊದಿಕಿ. ನನಗ ಅಲ್ಲಿಗೇ ಸಾಕಾಗಬೇಕಿತ್ತು. ಯಾವ ಮಗನಿಗೆ ಸಾಕಾಗತಿದ್ದಿಲ್ಲ ಅದು?

ಆಗ ಅಲ್ಲಿ ಸೇಲ್ಸ್‌ಮನ್ ಟಾಪ್ ಮಾಡೆಲ್‌ನ ಬಾಗಲಾ ತಗದು, ಗೇರ್ ಮಗ್ಗಲಾ ಇದ್ದ ಎರಡ ಸಣ್ಣ ಹಿಡಿಕಿ ತೋರಿಸಿದ. ಡಿಫರೆನ್ಷಿಯಲ್ ಲಾಕು. ಮುಂದಿನ ಗಾಲಿಗೊಂದು, ಹಿಂದಿನ ಗಾಲಿಗೊಂದು. ಅದು ಬ್ಯಾರೆ ಸಿಗೂದಿಲ್ಲ, ಟಾಪ್ ಮಾಡೆಲ್ ತಗೊಂಡ್ರಷ್ಟ ಬರತೈತಿ ಅಂದ. 'ಘ್ಯಾ ಕಿ ಪಾವ್ಹಣಂ' ಅಂತ ಮರಾಠ್ಯಾಗ ಬೆಲ್ಲಾ ಸುರುವಿದ, ತಗೊಂಡ ಬಿಡ್ರಿ ಅಂತ. ಲಾಕು ಅಂದ್ರ ಏನು ಅಂತ ಕಾಕಾಗ ಸುಟ್ಟ ಬದನಿಕಾಯಷ್ಟೂ ಗೊತ್ತಿದ್ದಿಲ್ಲ. ಆದ್ರ ನಿಪ್ಪಾಣಿ ತಂಬಾಕದ ಪೇಟ್ಯಾಗ ಅವನ ಗೆಳ್ಯಾನ ಮಗಗ ಮಾವನ ಮನ್ಯಾವ್ರು ಟಾಪ್ ಮಾಡೆಲ್ ಕೊಟ್ಟಿದ್ರು. ಅದ ಸಾಕಾತು ಅವಗ.

ಲಾಕು ಅಂದ್ರ ಏನು ಅಂತ ಅಲ್ಲೆ ಇದ್ದ ಎಲ್ಲಾರಕಿಂತ ಚಂದ ಗೊತ್ತಿದ್ದದ್ದು ಮಾವಗ. ಅವ್ರ ಟ್ರ್ಯಾಕ್ಟರಿಗೂ ಇತ್ತಲ್ಲ, ಬಲಗಾಲಿನ ಹಿಂಬಡಲೆ ತುಳಿಯೂದು. ಶೋರೂಮಿನ ಚಕಚಕ ಫರಸಿ ಮ್ಯಾಲ ಕುಕ್ಕರಗಾಲಿಲೆ ಕುಂತು, ಜೀಪಿನ ಬುಡಕ ಬಗ್ಗಿ ನೋಡಿ ಅವ್ರು ನಮಗ ತಿಳಿಸಿ ಹೇಳಿದ್ರು. ಒಂದ ಗಾಲಿ ರಾಡ್ಯಾಗ ಸಿಕ್ಕಿತಂದ್ರ ಅದೊಂದ ಗಿರಗಿರ ತಿರಗತೈತಿ, ಗಟ್ಟಿ ನೆಲದಾಗ ಇರೂ ಗಾಲಿ ಸುಮ್ಮ ನಿಂತಿರತೈತಿ. ಲಾಕ್ ಹಾಕಿದ್ರ ಎರಡೂ ಕೂಡೇ ತಿರಗತಾವ, ಗಾಡಿ ಮ್ಯಾಲ ಬರತೈತಿ. ಡಾಂಬರ ಮ್ಯಾಲ ಅದರ ಕೆಲಸನ ಇಲ್ಲ. ಹಾಕಿ ತಿರುವಿದ್ರ ಮುರದ ಹೋಗತೈತಿ. 'ನೌಕರಿ ಮಾಡಾವ್ರಿಗೆ ಇದು ಎದಕ್ಕ ಬೇಕ್ರಿ?' ಅಂದ್ರು. ಸೇಲ್ಸ್‌ಮನ್ ಮಾರಿ ಸಣ್ಣದಾತು.

ಕಾಕಾ ಬಿಟ್ಟಾನ? 'ಅಲ್ರಿ, ನಾಳೆ ನಿಮ್ಮ ಮಗಳನ್ನ ಕರಕೊಂಡು ನಿಮ್ಮ ಊರಿಗೇ ಬರಬೇಕಲ್ಲ. ನಿಮ್ಮದು ಎರಿ ನೆಲಾ. ನಡುವ ಸಿಕ್ಕೊಂಡ್ರ ಯಾರ ಎತ್ತಬೇಕು? ಲಾಕು ನಮಗಲ್ರಿ, ನಿಮ್ಮ ಮಗಳಿಗೆ ಬೇಕು' ಅಂದ. 'ನಮ್ಮ ಊರಿಗೆ ಬಸ್ ಬರತೈತ್ರಿ' ಅಂದ್ರು ಮಾವ. ಸೇಲ್ಸ್‌ಮನ್ ಫಕ್ಕನ ನಕ್ಕ. ಕಾಕಾನ ಮಾರಿ ಕೆಂಪಾತು. 'ಹಂಗಾರ ಬಿಡ್ರಿ. ಸಾಖರಪುಡಾ ಅಷ್ಟ ಆಗೈತಿ, ಅಕ್ಷತಿ ಇನ್ನೂ ಬಿದ್ದಿಲ್ಲ' ಅಂದ. ಮಾವ ಟೊಪಿಗಿ ತಗದು, ಹೊಳ್ಳಿ ಹಾಕೊಂಡ್ರು.

ಆಮ್ಯಾಲ ನನ್ನ ಕಡೆ ತಿರಗಿ, 'ಅಳಿಯಂದ್ರ, ಬರ್ರಿ, ಚಾ ಕುಡದ ಬರೂಣು' ಅಂದ್ರು. ಹೋಟೆಲ್ ಚಾ! ಅವ್ರು! ರಸ್ತೆ ಆಚಿ ಒಂದ ಗಾಡಿ ಅಂಗಡ್ಯಾಗ ಕುಂತ್ವಿ. ಎರಡ ಚಾ ಹೇಳಿದ್ರು. ತಮ್ಮ ಚಾ ಹಂಗ ಆರಾಕ ಬಿಟ್ಟು, ದನಿ ಸಣ್ಣದು ಮಾಡಿ ಹೇಳಿದ್ರು. ನಡುವಿನ ಮಾಡೆಲ್ ತನಕ ಹೆಂಗರ ಆಗತೈತಿ, ಎರಡ ಎಮ್ಮಿ ಮಾರೀನಿ, ಸೊಸಾಯ್ಟ್ಯಾಗ ಇಟ್ಟ ರೊಕ್ಕಾ ತಗದೀನಿ. ಅದರ ಮ್ಯಾಲ ಅಂದ್ರ ಟ್ರ್ಯಾಕ್ಟರ ಮಾರಬೇಕಾಗತೈತಿ. 'ಇದನ್ನ ನಿಮಗೊಬ್ರಿಗೆ ಹೇಳಾಕತ್ತೇನ್ರಿ. ಗಾಡಿ ಹೊಡ್ಯಾವ್ರು ನೀವು. ಒಳಗ ಬಂದು ನಿಮ್ಮನ್ನ ಕೇಳ್ತೀನಿ. ಬೇಕಂದ್ರ ಬೇಕು, ಬ್ಯಾಡಂದ್ರ ಬ್ಯಾಡ. ನಿಮ್ಮ ಮಾತಿನ ಮ್ಯಾಲ ನಿಮ್ಮ ಕಾಕಾ ಮಾತಾಡೂದಿಲ್ಲ.' ನಾ ಗೋಣ ಹಾಕಿದ್ನಿ. ಟವೆಲ್ ಬಿಚ್ಚಿ ನನಗೊಂದ ರೊಟ್ಟಿ ಕೊಟ್ರು. ತಿಂದ್ನಿ.

ಒಳಗ ಹೋದ್ವಿ. ಕಾಕಾ ಟಾಪ್ ಮಾಡೆಲ್‌ನ ಮುಂದಿನ ಸೀಟಿನ್ಯಾಗ ಕುಂತು ಹಾರ್ನ್ ಒತ್ತಿ ನೋಡಾಕತ್ತಿದ್ದ. ಮಾವ ಎಲ್ಲಾರ ಮುಂದ ಕೇಳಿದ್ರು. 'ಅಳಿಯಂದ್ರ, ಲಾಕು ಬೇಕೇನ್ರಿ ನಿಮಗ?'

'ಬೇಕ್ರಿ' ಅಂದ್ನಿ.

ಕಾಕಾಗ ಅಂಜಿ ಅಂದ್ನಿ ಅಂತ ಭಾಳ ವರ್ಷ ನನಗ ನಾನ ಹೇಳಕೋತ ಬಂದೆ. ಸುಳ್ಳದು. ಅಪ್ಪನಿಲ್ಲದ ಮಗಾ, ಕಾಕಾನ ಮಾತ ಮೀರೂದು ಹೆಂಗ ಅಂತ ಒಂದ ಚಂದನ ಕಥಿ ಕಟ್ಟಿ ಇಟ್ಟಿದ್ನಿ. ಥೂ! ಖರೆ ಹೇಳಬೇಕಂದ್ರ ನನಗ ಬೇಕಾಗಿತ್ತು. ಆಫೀಸಿನ ಕಂಪ್ಯೂಟರಿನ್ಯಾಗ ಮಧ್ಯಾಹ್ನದ ಊಟದ ಹೊತ್ತಿನ್ಯಾಗ ಇಂಥಾ ಜೀಪು ಗುಡ್ಡಾ ಹತ್ತೂದು, ಹಳ್ಳಾ ದಾಟೂದು ನೋಡಿ ನೋಡಿ ಜೊಲ್ಲ ಸುರಸಿದ್ನಿ. ನಿಪ್ಪಾಣಿ ಗೆಳ್ಯಾರ ಮುಂದ, 'ನಮ್ಮದು ಲಾಕ್ ಇರೂದ ಬರತೈತಿ' ಅಂತ ಮೊದಲ ಹೇಳಿ ಬಿಟ್ಟಿದ್ನಿ. ಅವ್ರ ಮುಂದ ಸಣ್ಣಾವ ಆಗೂದು ಬ್ಯಾಡಾಗಿತ್ತು. ಅದಕ್ಕ ಒಬ್ಬ ಮನಷ್ಯಾನ ಟ್ರ್ಯಾಕ್ಟರ ತಿಂದ್ನಿ, ಅವ್ನ ರೊಟ್ಟಿ ಇನ್ನೂ ಹೊಟ್ಟ್ಯಾಗ ಇರೂವಾಗ.

ಮಾವ ಒಂದ ಗಳಿಗಿ ನನ್ನ ಮಾರಿ ನೋಡಿದ್ರು. ಸಿಟ್ಟ ಇದ್ದಿಲ್ಲ ಆ ಕಣ್ಣಾಗ. ಏನೋ ಹುಡುಕಿದಂಗ ನೋಡಿದ್ರು. 'ಆತ್ರಿ' ಅಂದ್ರು. ಸಹಿ ಎಲ್ಲಿ ಮಾಡೂದು ಅಂತ ಕೇಳಿದ್ರು.

ಲಗ್ನ ಆತು. ಜೀಪು ಲಗ್ನದ ಹಂದರದ ಮುಂದ ನಿಂತಿತ್ತು. ಬಂದ ಮಂದಿ ಹುಡುಗಿನ್ನ ನೋಡೂಕಿಂತ ಮೊದಲ ಜೀಪ ನೋಡಿದ್ರು. ಬಾಗಲಾ ತಗದು, ಆ ಎರಡ ಹಿಡಿಕಿ ಮುಟ್ಟಿ, 'ಲಾಕ್ ಐತೇನ್ರಿ?' ಅಂತ ಕೇಳಾವ್ರು. ಕಾಕಾ ಊಟ ಬಿಟ್ಟು ಅಲ್ಲೇ ನಿಂತು ಎಲ್ಲಾರಿಗೂ ತೋರಿಸಿದ, ತಾನ ದುಡದು ತಗೊಂಡಂಗ. ಚಿಕ್ಕೋಡಿಗೆ ತಂದ್ವಿ. ತಂದ ಮ್ಯಾಲ ತಿಳೀತು, ನಮ್ಮ ಓಣ್ಯಾಗ ಅದು ಹಿಡ್ಯೂದಿಲ್ಲ. ಎರಡ ಮೋಟರ್‌ಸೈಕಲ್ ಎದುರಾ ಬದರಾ ಬಂದ್ರ ಒಂದ ಗಟರಕ್ಕ ಇಳೀಬೇಕು, ಅಂಥಾ ಓಣಿ ನಮ್ಮದು. ಗುಡ್ಡಾ ಹತ್ತೂ ಜೀಪು ನಮ್ಮ ಮನಿ ಬಾಗಲಾ ಮುಟ್ಟಲಿಲ್ಲ! ಓಣಿ ತುದಿಗೆ ಚಾದಂಗಡಿ ಎದುರ ನಿಂದ್ರಸೂದು, ಕಾಕಾ ದಿನಾ ಮುಂಜಾನೆ ಬಕೀಟ ತಗೊಂಡ ಹೋಗಿ ಒರಸೂದು. ನಾ ಅದರಾಗ ಕುಂತು ಹೋಗಿದ್ದ ಎಲ್ಲಿಗೆ? ಕಾಲೇಜಿಗೆ. ಐತವಾರ ನಿಪ್ಪಾಣಿಗೆ, ಗೆಳ್ಯಾರ ಜೋಡಿ ಊಟಕ್ಕ. ಎಲ್ಲಾ ಡಾಂಬರ ರಸ್ತೆ, ಹಪ್ಪಳಾ ಹಾಸಿದಂಗ.

ಟ್ರ್ಯಾಕ್ಟರ ಹೋತು. ತಗೊಂಡಾವ್ರು ಅದ ಊರಿನ ಒಬ್ಬ ದೊಡ್ಡ ಹೊಲದ ಸಾವಕಾರ್ರು. ಅವ್ರಿಗೆ ಹೊಡ್ಯಾಕ ಬರತಿದ್ದಿಲ್ಲ, ಡ್ರೈವರ್ ಬೇಕಾಗಿತ್ತು. ಆ ಟ್ರ್ಯಾಕ್ಟರಿನ ಗುಣಾ ತಿಳದಾವ್ರು ಊರಾಗ ಒಬ್ರ ಇದ್ರು... ನಮ್ಮ ಮಾವ ದಿನಗೂಲಿ ಮ್ಯಾಲ ತಮ್ಮದ ಟ್ರ್ಯಾಕ್ಟರ ಹೊಡ್ಯಾಕ ಹೋದ್ರು. ಕಟ್ಟಿ ಮ್ಯಾಲ ಬಂದು ಕುಂಡರತಿದ್ದ ಮಂದಿ ಈಗ ಸಾವಕಾರ್ರ ಕಟ್ಟಿಗೆ ಹೋದ್ರು. ಯಾರ ಹೊಲ ಮೊದಲ ಅಂತ ಅವ್ರು ಹೇಳೂದು, ಇವ್ರು ಹೊಡ್ಯೂದು. ಇದನ್ನ ನನಗ ಹೆಂಡತಿ ಹೇಳಲಿಲ್ಲ, ಮಾವನೂ ಹೇಳಲಿಲ್ಲ. ಅಥಣಿ ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕ ಆ ಊರಿನ ಮಾಸ್ತರು ಹೇಳಿದ್ರು, ಅವ್ರ, ಯಾದಿ ಬರದಾವ್ರು. ಹೇಳಿ ನನ್ನ ಮಾರಿ ನೋಡಲಿಲ್ಲ, ಬಸ್ ನೋಡಿದ್ರು.

ಮೊದಲನೇ ಪಂಚಮಿಗೆ ಹೆಂಡತಿ ತವರ ಮನಿಗೆ ಹೋಗಿದ್ಲು. ಹಬ್ಬ ಮುಗಿಸಿ ಕರಕೊಂಡ ಬರಾಕ ನಾ ಜೀಪ ತಗೊಂಡ ಹೋದ್ನಿ. ಎರಡ ದಿನ ಮಳಿ ಹಿಡದಿತ್ತು. ಅವ್ರ ಮನಿ ಹೊಲದಾಗ, ಡಾಂಬರ ರಸ್ತೆಯಿಂದ ಎರಡ ಫರ್ಲಾಂಗ ಬಂಡಿದಾರಿ. 'ಗಾಡಿ ರಸ್ತೆ ಮ್ಯಾಲ ನಿಂದ್ರಸಿ ನಡಕೋತ ಬರ್ರಿ' ಅಂತ ಅಕಿ ಫೋನ್ ಮಾಡಿ ಹೇಳಿದ್ಲು. ನಾ ಕೇಳ್ತೀನಾ? ಲಾಕ್ ತಗೊಂಡಿದ್ದ ಎದಕ್ಕ ಮತ್ತ? ಇಳಿಸಿ ಬಿಟ್ನಿ ಎರಿ ಮಣ್ಣಾಗ. ನಡುದಾರಿಗೆ ಬರೂದ್ರಾಗ ಹಿಂದಿನ ಎಡಗಾಲಿ ಕೂತ ಬಿಡ್ತು. ನಾ ರೇಸ್ ಒತ್ತಿದ್ನಿ, ಗಾಲಿ ತಿರಗಿ ಮತ್ತಷ್ಟ ಹುಗೀತು. ಆಗ ನೆನಪಾತು ಲಾಕು. ಗಾಲಿ ಜೋರ ತಿರಗೂವಾಗನ ಆ ಹಿಡಿಕಿ ಹಿಡದು ಜಗ್ಗಿದ್ನಿ. ಕಟಕಟಕಟ ಅಂತ ಹಲ್ಲ ಮುರದಂಗ ಸಪ್ಪಳಾತು, ಲಾಕು ಬೀಳಲಿಲ್ಲ. ಒತ್ತಿದ್ನಿ, ಜಗ್ಗಿದ್ನಿ, ಬೈದ್ನಿ. ಆಮ್ಯಾಲ ಗಾಡಿ ಬುಡದಿಂದ ಹೊಗಿ ಎದ್ದು ಆ ಕ್ಲಚ್ ಸುಟ್ಟ ವಾಸನಿ ಬಂತು. ಮಳ್ಯಾಗ, ಹಸಿ ಮಣ್ಣಿನ ವಾಸನಿ ಒಳಗ, ಆ ಸುಡಗಾಡ ವಾಸನಿ.

ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರಿನ ಸಪ್ಪಳಾತು. ಮಾವ. ತೆಲಿ ಮ್ಯಾಲ ಗೋಣಿಚೀಲದ ಕೊಪ್ಪಿ. ಸಾವಕಾರ್ರ ಟ್ರ್ಯಾಕ್ಟರು, ಅಂದ್ರ ತಮ್ಮದ. ಕೆಳಗಿಳದು, ಚಪ್ಪಲ ಬದಿಗಿಟ್ಟು, ರಾಡ್ಯಾಗ ಮಣಕಾಲೂರಿ ಗಾಲಿ ನೋಡಿದ್ರು. 'ಅದನ್ನ ಗಾಡಿ ನಿಂತಾಗ ಹಾಕಬೇಕ್ರಿ ಅಳಿಯಂದ್ರ. ಗಾಲಿ ತಿರಗೂವಾಗ ಹಾಕಬಾರ್ದು' ಅಂದ್ರು. ಮಗ್ಗಿ ಕಲಿಸೂ ದನಿ, ಸಿಟ್ಟಿಲ್ಲ, ಚ್ಯಾಷ್ಟಿ ಇಲ್ಲ. ಸರಪಳಿ ಹಾಕಿದ್ರು. ಟ್ರ್ಯಾಕ್ಟರ ಹತ್ತಿ, ಬಲಗಾಲಿನ ಹಿಂಬಡಲೆ ಅವ್ರ ಲಾಕ್ ತುಳದು, ಮೆಲ್ಲಕ ಒಂದ ಜಗ್ಗಿಗೆ ನನ್ನನ್ನ, ನನ್ನ ಟಾಪ್ ಮಾಡೆಲ್‌ನ ಎತ್ತಿ ಗಟ್ಟಿ ನೆಲಕ್ಕ ಇಟ್ರು. ನಾ ಸೀಟಿನ್ಯಾಗ ಕುಂತ ಸ್ಟೇರಿಂಗ್ ಹಿಡಕೊಂಡಿದ್ನಿ. ಅಷ್ಟ ನನ್ನ ಕೆಲಸ.

ಆಗ ಅವ್ರ ಫೋನ್ ಬಂತು. ಸಾವಕಾರ್ರದು. ಮಾವ ನಾಕ ಹೆಜ್ಜಿ ದೂರ ಹೋಗಿ, ನನಗ ಬೆನ್ನ ಮಾಡಿ ಮಾತಾಡಿದ್ರು. 'ಹೌದ್ರಿ... ಕೇಳದ ತಂದ್ನ್ರಿ, ತಪ್ಪಾತ್ರಿ... ಡೀಸೇಲ್ ನನ್ನ ಪಗಾರದಾಗ ಹಿಡೀರಿ.' ಮಳಿ ಸಪ್ಪಳದಾಗ ಕೇಳಸೂದಿಲ್ಲ ಅಂತ ತಿಳದಿರಬೇಕು. ನನಗ ಎಲ್ಲಾ ಕೇಳಿಸ್ತು. ಹೊಳ್ಳಿ ಬಂದು, 'ನಡೀರ್ರಿ, ಅಕಿ ಉಂಡಿ ಕಟ್ಟಿ ಕಾಯಾಕತ್ತಾಳ' ಅಂದ್ರು. ನಾ ಹೋದ್ನಿ. ಶೇಂಗಾ ಉಂಡಿ, ಅಳ್ಳಿಟ್ಟಿನ ಉಂಡಿ, ಎಳ್ಳುಂಡಿ ಎಲ್ಲಾ ತಿಂದ್ನಿ. ಮ್ಯಾಲ ಹಾಲ ಕುಡದ್ನಿ. ಹೆಂಗ ಇಳೀತು ಗಂಟಲದಾಗ ಅಂತ ಈಗೂ ನನಗ ತಿಳಿವಲ್ದು. ನಾಯಿಗೂ ಇಷ್ಟ ನಾಚಿಕಿ ಇರತೈತಿ.

ಮಗಳ ಹುಟ್ಟಿದ ಮರು ವರ್ಷ ಒಮ್ಮೆ ಧೈರ್ಯಾ ಮಾಡಿ ಅವ್ರ ಮುಂದ ಮಾತ ತಗದ್ನಿ. ಜೀಪ ಮಾರತೀನಿ, ಬಂದದ್ದರಾಗ ನಿಮ್ಮ ಟ್ರ್ಯಾಕ್ಟರ ಹೊಳ್ಳಿ ತಗೊಳ್ಳೂಣು ಅಂದ್ನಿ. ಹೊಲದ ಒಡ್ಡಿನ ಮ್ಯಾಲ ಕುಂತಿದ್ವಿ. ಅವ್ರು ಒಂದ ಹೆಂಟಿ ಎತ್ತಿ ಕೈಯಾಗ ಪುಡಿ ಮಾಡಿದ್ರು. 'ಯಾದ್ಯಾಗ ಬರದು ಸಹಿ ಮಾಡೀನ್ರಿ. ಕೊಟ್ಟದ್ದನ್ನ ಹೊಳ್ಳಿ ತಗೊಂಡ ಅಂದ್ರ ನನಗಲ್ಲ, ನಿಮ್ಮ ಮನ್ಯಾಗಿರೂ ನನ್ನ ಮಗಳಿಗೆ ಮಾತ ಬರತಾವ. ಬ್ಯಾಡ್ರಿ' ಅಂದ್ರು. ಯಾದ್ಯಾಗ ಲಾಕು ಎಲ್ಲಿತ್ತು? ಟಾಪ್ ಮಾಡೆಲ್ ಎಲ್ಲಿತ್ತು? ಜೀಪಿಗೆ ಮೂರ ಶಬ್ದ ಬರದ ಹಾಳಿ ಅದು. ಆದ್ರ ಅವ್ರಿಗೆ ಸಹಿ ಅಂದ್ರ ಸಹಿ. ನಾ ಇನ್ನೊಮ್ಮೆ ಒತ್ತಿ ಹೇಳಲಿಲ್ಲ. ಖರೆ ಹೇಳಲೇನು, ಅವ್ರ ಬ್ಯಾಡ ಅಂದಾಗ ನನಗ ಒಳಗೊಳಗ ಸಮಾಧಾನ ಆತು. ಗೆಳ್ಯಾರಿಗೆ ಏನ ಹೇಳೂದು ಅನ್ನೂ ಚಿಂತಿ ತಪ್ಪಿತು ಅನಿಸ್ತು. ಇಂಥಾವ ನಾನು.

ಅದಾಗಿ ಮೂರನೇ ಬ್ಯಾಸಗ್ಯಾಗ ಅವ್ರು ಹೋದ್ರು. ಸಾವಕಾರ್ರ ಹೊಲ ಹರಗಾಕತ್ತಿದ್ರಂತ. ಎದಿ ಹಿಡಕೊಂಡು ಟ್ರ್ಯಾಕ್ಟರ ನಿಂದ್ರಸಿ, ಕೆಳಗಿಳದು, ದೊಡ್ಡ ಗಾಲಿ ನೆರಳಾಗ ಮಲಗಿದ್ರಂತ. ಇಂಜಿನ್ ಬಂದ್ ಮಾಡಿ ಮಲಗಿದ್ರು ಅಂತ ಮಂದಿ ಹೇಳಿದ್ರು, ಇನ್ನೊಬ್ರ ಡೀಸೇಲು ಸುಮ್ಮ ಸುಡಬಾರ್ದಂತ... ಮಂದಿ ಏನರ ಹೇಳ್ತಾರ. ನಾವ ಹೋಗೂದ್ರಾಗ ಎಲ್ಲಾ ಮುಗದಿತ್ತು.

ಅವ್ರ ದಿನಕರ್ಮಾ ಮಾಡಿ ಎಲ್ಲಾರೂ ಹೋದ ಮ್ಯಾಲ, ಅಡಗಿ ಮನ್ಯಾಗ ಅತ್ತಿ ಜ್ವಾಳಾ ಹಸನ ಮಾಡಾಕತ್ತಿದ್ರು. ನಾ ಬಾಗಲದಾಗ ಕುಂತಿದ್ನಿ. ಅವ್ರು ಮೊರದಾಗಿನ ಹರಳ ಆರಸಕೋತ, ನನಗಂತ ಅಲ್ಲ, ಸುಮ್ಮ ನೆನಸಿಕೊಂಡಂಗ ಮಾತಾಡಿದ್ರು. 'ಜೀಪ ನೋಡಾಕ ಹೋಗೂ ದಿನ ಮುಂಜಾನೆ ನಾ ಅತ್ತಿದ್ನ್ರಿ. ಟ್ರ್ಯಾಕ್ಟರ ಹೋಗತೈತೇನೋ ಅಂತ. ನಗಾಡಿ ಬೈದ್ರು ನನಗ. ಹೋಗೂದಿಲ್ಲ ತಗೋ ಅಂದ್ರು. ಅವ್ರ ಕಾಕಾ ದೊಡ್ಡದ ಬೇಕಂತಾನ, ಹುಡುಗ ಶಾಣ್ಯಾ ಅದಾನ. ನಾ ಅವಂಗ ಒಬ್ಬಂಗ ಬಿಡಿಸಿ ಹೇಳ್ತೀನಿ, ಅವ ಬ್ಯಾಡ ಅಂತಾನ ನೋಡ ಅಂದ್ರು.'

'ಹೊಳ್ಳಿ ಬಂದ ಮ್ಯಾಲ ಏನಂದ್ರು ಅತ್ತಿ?' ಅಂತ ಕೇಳಿದ್ನಿ. ಯಾಕ ಕೇಳಿದ್ನೋ.

ಅತ್ತಿ ಮೊರ ಕೆಳಗಿಟ್ರು. 'ಏನೂ ಅನ್ನಲಿಲ್ರಿ. ಉಣ್ಣಾಕ ಕುಂತಾಗ ಒಂದ ಮಾತಂದ್ರು. ನನಗ ಬರೋಬರ ಹೇಳಾಕ ಬರಲಿಲ್ಲ ಕಾಣತೈತಿ, ಪಾಪ ಅವಗ ತಿಳೀಲಿಲ್ಲ ಅಂದ್ರು.'

ಬೈದಿದ್ರ ಚಲೋ ಆಗತಿತ್ತು. ಮಾರಿ ಮ್ಯಾಲ ಉಗುಳಿದ್ರ ಒರಸಕೊಂಡ ಬಿಡತಿದ್ನಿ. ಆ ಮನಷ್ಯಾ ನನ್ನ ಹೊಲಸನ್ನ ತಮ್ಮ ತಪ್ಪು ಅಂತ ತಿಳಕೊಂಡು ಹೋದ್ರು. ತಾವ ಸರಿ ಹೇಳಲಿಲ್ಲ ಅಂತ. ಅಷ್ಟ ವರ್ಷ, ರಾಡ್ಯಾಗ ಮಣಕಾಲೂರಿ ಕುಂತಾಗೂ, ಒಡ್ಡಿನ ಮ್ಯಾಲ ಕುಂತಾಗೂ, ನಾ ತಿಳೀಲಾರದ ಬೇಕ ಅಂದೆ ಅಂತನ ಇದ್ರು. ಅವ್ರು ಹೇಳಿದ್ದು ನನಗ ಅಗದಿ ಚಂದ ತಿಳದಿತ್ತು. ಒಂದೊಂದ ಮಾತೂ ತಿಳದಿತ್ತು.

ಆ ಮಾತ ಕೇಳಿ ಬಂದ ಮ್ಯಾಲ ನನಗ ಆ ಸ್ಟೇರಿಂಗ್ ಮುಟ್ಟಾಕ ಆಗಲಿಲ್ಲ. ಜೀಪು ನಿಂತ ನಿಂತ ತುಕ್ಕ ಹಿಡದು, ಹೋದ ವರ್ಷ ರಾಯಬಾಗ ಕಡ್ಯಾವರೊಬ್ರು ಬಂದ ಒಯ್ದ್ರು. ಕಾಕಾಗ ಈಗ ಕಣ್ಣ ಕಾಣೂದಿಲ್ಲ, ಜೀಪ ಎಲ್ಲಿ ಅಂತ ಕೇಳ್ತಾನ, ರಿಪೇರಿಗೆ ಬಿಟ್ಟೈತಿ ಅಂತೀವಿ. ಕಾಲೇಜಿನ್ಯಾಗ ಹೊಸಾ ಹುಡುಗ್ರು ಈಗೂ ನನ್ನ ಕಡೆ ಬರತಾರ. ಸರ್, ನಿಮಗ ಗೊತ್ತೈತಲ್ಲ, ಯಾವ ಮಾಡೆಲ್ ಕೇಳೂಣು ಮಾವನ ಮನ್ಯಾಗ, ಲಾಕು ಬೇಕಾಗತೈತೇನ್ರಿ ಅಂತಾರ. ಬ್ಯಾಡ ಅಂತೀನಿ. ತಡ್ಯೂದಿಲ್ಲ, ವಿಚಾರ ಮಾಡೂದಿಲ್ಲ. ಬ್ಯಾಡ. ಎಷ್ಟ ಹಗುರ ಬರತೈತಿ ಬಾಯಿಗೆ! ನಾಲಿಗಿ ಸೈತ ಒಣಗೂದಿಲ್ಲ. ಆ ಒಂದ ಮಾತ ನಂಬಿ ಮನ್ಯಾಗ ತಮ್ಮ ಹೆಂಡತಿಗೆ ಧೈರ್ಯಾ ಹೇಳಿ ಬಂದು, ನನ್ನ ಎದುರ ಚಾ ಆರಾಕ ಬಿಟ್ಟು ಕುಂತಾವ್ರು ಒಬ್ರ ಇದ್ರು. ಅವ್ರು ಈಗ ಇಲ್ಲ.